ದತ್ತೂರಿ ಗಿಡ ಕೀಳುವ ಮುಂಚೆ

ವಿಜಯಪುರ
ಶ್ರಾವಣ ಸೋಮವಾರ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಫೋಟೋ ನೋಡಿದೆ. ಮೋಟರ್ ಶೆಡ್ಡಿನ ಪಕ್ಕ ಎದ್ದು ನಿಂತಿರುವುದು ದತ್ತೂರಿಯೇ, ಅನುಮಾನ ಬೇಡ. ನಿಮ್ಮ ಯಜಮಾನರು ಕಳೆನಾಶಕ ಹೊಡೆದುಬಿಡೋಣ ಅನ್ನುತ್ತಾರೆ. ಅತ್ತಿಯವರು ಈಶ್ವರನ ಗಿಡ, ಕೈ ಹಚ್ಚಬ್ಯಾಡ್ರಿ ಅನ್ನುತ್ತಾರೆ. ಇದರ ನಡುವೆ ಪುಟ್ಟಿ ಅದರ ಕಾಯಿಯನ್ನು ಲಂಗದ ಮಡಿಲಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಬಂದಳು ಅಂತ ನಿನ್ನ ಜೀವ ಬಾಯಿಗೆ ಬಂದಿದೆ. ಕೀಳಲೋ ಬಿಡಲೋ ಅಂತ ಕೇಳಿದ್ದೀ. ತೆವಳುವ ಕೂಸಿರುವ ಮನೆಯ ಅಂಗಳದಲ್ಲಾಗಿದ್ದರೆ ಮೊದಲು ಬೇರು ಸಮೇತ ಕೀಳು ಅನ್ನುತ್ತಿದ್ದೆ. ಪುಟ್ಟಿ ಎರಡನೇ ಇಯತ್ತೆಗೆ ಬಂದಿದ್ದಾಳೆ, ಗಿಡ ಇರುವುದು ಹೊಲದ ಬದುವಿನಲ್ಲಿ. ಆದ್ದರಿಂದ ಬಿಡು ಅನ್ನುತ್ತೇನೆ. ಬಿಟ್ಟು ಮರೆತುಬಿಡು ಅಂತಲ್ಲ, ತಿಳಿದುಕೊಂಡು ಬಿಡು. ಫೋನಿನಲ್ಲಿ ಇದೆಲ್ಲ ಹೇಳಿ ಮುಗಿಯುವುದಿಲ್ಲ ಅಂತ ಕಾಗದ ಹಿಡಿದು ಕೂತಿದ್ದೇನೆ. ಓದಿ ಎತ್ತಿಡು, ಮನೆಯವರಿಗೂ ಓದಿಸು.

ಮೊದಲು ಗಿಡವನ್ನು ಸರಿಯಾಗಿ ನೋಡು. ನಿನ್ನ ಫೋಟೋದಲ್ಲಿ ಎಲೆಗಳಿಗೆ ಬೂದು ಛಾಯೆ ಇದೆ, ಮೇಲೆಲ್ಲ ಮೃದುವಾದ ರೋಮ. ಕಾಯಿ ನೆಲದ ಕಡೆ ಬಾಗಿದೆ, ಮೈತುಂಬ ತೆಳ್ಳನೆಯ ಮುಳ್ಳು. ಇದು ದತ್ತೂರ ಇನಾಕ್ಸಿಯ ಎಂಬ ಜಾತಿ. ಬಬಲೇಶ್ವರದಲ್ಲಿ ನಮ್ಮ ಅವ್ವ ಹಿತ್ತಲ ಗೋಡೆಯ ಆಚೆ ಉಳಿಸಿಕೊಂಡಿದ್ದಳಲ್ಲ, ನೇರಳೆ ಕಾಂಡದ್ದು, ಹೂವಿನೊಳಗೆ ಇನ್ನೊಂದು ಹೂವು ಇರುವಂಥದ್ದು, ಅದು ದತ್ತೂರ ಮೆಟೆಲ್. ಅದರ ಎಲೆ ನುಣುಪು, ಕಾಯಿಯ ಮೇಲೆ ಮುಳ್ಳಿಗಿಂತ ಮೊಂಡು ಗಂಟುಗಳೇ ಹೆಚ್ಚು. ಕಾಯಿ ನೆಟ್ಟಗೆ ಮೇಲಕ್ಕೆ ನಿಂತು, ಒಣಗಿದಾಗ ನಾಲ್ಕು ಹೋಳಾಗಿ ಸೀಳುವ ಮೂರನೆಯದೂ ಇದೆ, ಸ್ಟ್ರಮೋನಿಯಂ ಅಂತ. ಮೂರರ ವಿಷವೂ ಒಂದೇ ಬಗೆಯದು. ಬೇರು, ಕಾಂಡ, ಎಲೆ, ಹೂವು, ಬೀಜ, ಯಾವುದೂ ವಿಷವಿಲ್ಲದ್ದಲ್ಲ. ದನ ಆಡು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಒಂದು ಎಲೆ ಹಿಸುಕಿ ಮೂಸಿದರೆ ಯಾಕೆ ಅಂತ ತಿಳಿಯುತ್ತದೆ.

ಹೊತ್ತು ಮುಳುಗುವ ಹೊತ್ತಿಗೆ ಒಂದು ದಿನ ಪುಟ್ಟಿಯನ್ನು ಕರೆದುಕೊಂಡು ಅದರ ಮುಂದೆ ಕೂಡು. ಹಗಲೆಲ್ಲ ತಿರುಚಿಕೊಂಡಿದ್ದ ಮೊಗ್ಗು ಸಂಜೆಯಾದ ಮೇಲೆ ಸುರುಳಿ ಬಿಚ್ಚುತ್ತದೆ. ಗೇಣಿಗೆ ಸ್ವಲ್ಪ ಕಡಿಮೆ ಉದ್ದದ ಬಿಳಿ ಕೊಳವೆ, ಅಂಚಿನಲ್ಲಿ ಸಣ್ಣ ಸಣ್ಣ ತುದಿಗಳು. ಮಕರಂದ ಇರುವುದು ಕೊಳವೆಯ ತಳದಲ್ಲಿ. ಅಷ್ಟು ಆಳಕ್ಕೆ ನಾಲಿಗೆ ಇಳಿಸಬಲ್ಲದ್ದು ರಾತ್ರಿ ಹಾರುವ ದೊಡ್ಡ ಪತಂಗ. ಅದು ಹೂವಿನ ಮೇಲೆ ಕೂರುವುದಿಲ್ಲ, ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು ಹೀರಿ ಮುಂದಿನ ಹೂವಿಗೆ ಹೋಗುತ್ತದೆ. ಮರುದಿನ ಬಿಸಿಲೇರಿದರೆ ಹೂವಿನ ಕಥೆ ಮುಗಿಯಿತು. ಇಷ್ಟು ಚೆಂದದ ಹೂವನ್ನು ಪುಟ್ಟಿ ಮುಟ್ಟಲು ಹೋದದ್ದರಲ್ಲಿ ಅವಳ ತಪ್ಪೇನಿದೆ? ಅವಳಿಗೆ ಬೈದೆ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಬೈದರೆ ಕದ್ದು ಹೋಗುತ್ತಾಳೆ. ಹೆಸರು ಹೇಳಿ ತೋರಿಸು. ಇದು ದತ್ತೂರಿ, ನೋಡಬಹುದು, ಬಾಯಿಗೆ ಹಾಕಬಾರದು, ಮುಟ್ಟಿದರೆ ಕೈ ತೊಳೆಯಬೇಕು ಅನ್ನು. ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಆ ಕಣ್ಣಿನ ಪಾಪೆ ಹಿಗ್ಗಿ, ಒಂದೆರಡು ದಿನವಾದರೂ ಓದಲು ಬರೆಯಲು ಮಸುಕಾಗುತ್ತದೆ. ಈ ಮಾತು ದೊಡ್ಡವರಿಗೂ ಸೇರಿದ್ದು.

ಈಗ ಬೀಜದ ವಿಷಯ. ಇದನ್ನು ಎರಡು ಸಲ ಓದು. ದತ್ತೂರಿ ಬೀಜಕ್ಕೂ ಮೆಣಸಿನಕಾಯಿ ಬೀಜಕ್ಕೂ ತೀರ ಹೋಲಿಕೆ ಇದೆ. ಎರಡೂ ಚಪ್ಪಟೆ, ಎರಡೂ ಹಳದಿ ಬಣ್ಣದ ಕಡೆಯವು, ಒಂದೇ ಕುಟುಂಬದವು ಬೇರೆ. ನೀವು ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸುತ್ತೀರಿ, ಉದುರಿದ ಬೀಜವನ್ನು ಕೂಡಿಸಿ ಇಡುತ್ತೀರಿ. ಆಡುವ ಮಕ್ಕಳು ಒಂದು ಒಣ ದತ್ತೂರಿ ಕಾಯಿ ತಂದು ಅಲ್ಲಿ ಒಡೆದರೆ ಸಾಕು. ಒಂದು ಕಾಯಿಯಲ್ಲೇ ನೂರಾರು ಬೀಜ. ವಿಷವೈದ್ಯ ಓದುವ ಹುಡುಗರಿಗೆ ಪರೀಕ್ಷೆಯಲ್ಲಿ ಈ ಎರಡರ ವ್ಯತ್ಯಾಸ ಕೇಳುವುದು ನಮ್ಮ ದೇಶದಲ್ಲಿ ವಾಡಿಕೆ, ಅಷ್ಟು ಪ್ರಕರಣ ಬರುತ್ತಿದ್ದವು. ಅಂಗೈಯಲ್ಲಿಟ್ಟು ನೋಡು: ದತ್ತೂರಿ ಬೀಜ ಸ್ವಲ್ಪ ದೊಡ್ಡದು, ದಪ್ಪ, ಕಿವಿಯ ಆಕಾರ, ಹಳದಿ ಬೆರೆತ ಕಂದು ಬಣ್ಣ. ಮೈಮೇಲೆ ಸಣ್ಣ ಸಣ್ಣ ಕುಳಿಗಳು, ಅಂಚಿನಲ್ಲಿ ಎರಡು ಏಣು. ಮೆಣಸಿನ ಬೀಜ ತೆಳು, ದುಂಡು, ನುಣುಪು, ಹಳದಿ, ಮೂಸಿದರೆ ಘಾಟು. ದತ್ತೂರಿ ಬೀಜಕ್ಕೆ ವಾಸನೆಯೇ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಮೊಳಕೆ ಮೆಣಸಿನಲ್ಲಿ 6ರ ಅಂಕಿಯ ಹಾಗೆ ಒಳಕ್ಕೆ ಸುತ್ತಿರುತ್ತದೆ, ದತ್ತೂರಿಯಲ್ಲಿ ತುದಿ ಹೊರಕ್ಕೆ ಬಾಗಿರುತ್ತದೆ. ರುಚಿ ನೋಡಿ ಗುರುತಿಸುವ ಕೆಲಸ ಮಾತ್ರ ಯಾರೂ ಮಾಡಕೂಡದು. ಜೋಳ, ಸಜ್ಜೆ ರಾಶಿಗೂ ಇದು ಸೇರಬಹುದು. 2019ರಲ್ಲಿ ಉಗಾಂಡಾದಲ್ಲಿ ಪರಿಹಾರಕ್ಕೆ ಹಂಚಿದ ಪೌಷ್ಟಿಕ ಹಿಟ್ಟು ತಿಂದು ಜನ ಸತ್ತರು, ನೂರಾರು ಮಂದಿ ಹಾಸಿಗೆ ಹಿಡಿದರು. ಆ ಹಿಟ್ಟಿನಲ್ಲಿ ಸಿಕ್ಕಿದ್ದು ದತ್ತೂರಿಯಲ್ಲಿರುವ ವಿಷವೇ. ಆದ್ದರಿಂದ ರಾಶಿ ಮಾಡುವ ಮುಂಚೆ ಹೊಲದೊಳಗಿನ ಗಿಡ ಕಿತ್ತುಬಿಡಿ. ಬದುವಿನದು ಬೇರೆ, ಬೆಳೆಯ ನಡುವಿನದು ಬೇರೆ.

ತಿಂದರೆ ಏನಾಗುತ್ತದೆ ಅಂತ ತಿಳಿದಿರಬೇಕು. ಬಾಯಿ ಗಂಟಲು ಒಣಗಿ ನುಂಗಲು ಆಗುವುದಿಲ್ಲ. ಮುಖ ಕೆಂಪಾಗಿ ಮೈ ಸುಡುತ್ತದೆ, ಆದರೆ ಬೆವರಿಲ್ಲ. ಕಣ್ಣಿನ ಪಾಪೆ ಅಗಲ. ಕುಡಿದವರಂತೆ ತೂರಾಡುತ್ತಾರೆ, ಇಲ್ಲದವರ ಹೆಸರು ಹಿಡಿದು ಮಾತಾಡುತ್ತಾರೆ, ಬೆರಳ ತುದಿಯಿಂದ ಕಾಣದ ದಾರ ಎಳೆಯುತ್ತಾರೆ, ಮೂತ್ರ ಕಟ್ಟುತ್ತದೆ. ಇದನ್ನು ಕಂಡು ಗಾಳಿ ಸೋಕಿದೆ, ದೆವ್ವ ಬಡಿದಿದೆ ಅಂತ ಹೊತ್ತು ಕಳೆದವರಿದ್ದಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹುಣಸೆಹಣ್ಣು ಮಜ್ಜಿಗೆ ಅಂತ ಪ್ರಯೋಗ ಬೇಡ. 108ಕ್ಕೆ ಫೋನ್ ಮಾಡಿ, ತಿಂದ ಕಾಯಿ ಅಥವಾ ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಹೊರಡಿ. ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಏನು ತಿಂದರು ಅಂತ ಗೊತ್ತಾದರೆ ಡಾಕ್ಟರ ಅರ್ಧ ಕೆಲಸ ಆದಂತೆ.

ಇಷ್ಟು ಭಯ ಹುಟ್ಟಿಸಿ ಮತ್ತೆ ಗಿಡ ಬಿಡು ಅನ್ನುತ್ತೀಯಲ್ಲ ಅಕ್ಕಾ ಅಂತ ನೀನು ಕೇಳುತ್ತೀ. ಕಿತ್ತರೆ ಅದು ಮುಗಿಯುವುದೂ ಇಲ್ಲ, ಇದು ಒಂದು. 1902ರಲ್ಲಿ ಅಮೆರಿಕದಲ್ಲಿ ಹಲವು ಕಳೆಗಳ ಬೀಜವನ್ನು ಕುಡಿಕೆಯಲ್ಲಿಟ್ಟು ಮಣ್ಣಲ್ಲಿ ಹೂತರು. 39 ವರ್ಷದ ಮೇಲೆ ತೆಗೆದು ಬಿತ್ತಿದಾಗ ದತ್ತೂರಿಯ ಬಹುಪಾಲು ಬೀಜ ಮೊಳೆತವು. ನಿಮ್ಮ ಎರೆಮಣ್ಣಿನಲ್ಲಿ ಎಷ್ಟು ಕಾಲದ ಬೀಜ ಮಲಗಿದೆಯೋ. ಈ ಗಿಡ ಹೋದರೆ ಇನ್ನೊಂದು ಬರುತ್ತದೆ. ಬಂದದ್ದನ್ನು ಗುರುತಿಸುವ ಕಣ್ಣು ಪುಟ್ಟಿಗೆ ಬರಬೇಕು, ಅದಕ್ಕೆ ಕಣ್ಣಮುಂದೆ ಒಂದು ಗಿಡ ಬೇಕು.

ಎರಡನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ನಿಮ್ಮ ಸಣ್ಣ ಮಾವನವರು ದ್ರಾಕ್ಷಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಬಂದು ಕುಸಿದ ದಿನ ನೆನಪಿದೆಯಲ್ಲ. ನೀವು ಟಿಕೋಟಾದಿಂದ ಜೀಪಿನಲ್ಲಿ ಹಾಕಿಕೊಂಡು ಬಂದಿರಿ, ರಾತ್ರಿ ಅವರ ಹತ್ತಿರ ಕೂತವಳು ನಾನು. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಎದೆಯಲ್ಲಿ ಗೊರಗೊರ ಸದ್ದು. ಪಾಪೆ ಸೂಜಿಮೊನೆಯಷ್ಟಾಗಿತ್ತು. ಮೊದಲು ಬಟ್ಟೆ ಬಿಚ್ಚಿಸಿ ಮೈಯನ್ನೆಲ್ಲ ಸಾಬೂನಿನಿಂದ ತೊಳೆದರು. ಆಮೇಲೆ ನರ್ಸಮ್ಮ ಒಂದಾದ ಮೇಲೊಂದು ಸಣ್ಣ ಗಾಜಿನ ಶೀಶೆ ಮುರಿದು ಇಂಜೆಕ್ಷನ್ ಕೊಡುತ್ತ ಹೋದಳು. ಡಾಕ್ಟರು ಮತ್ತೆ ಮತ್ತೆ ಬಂದು ಎದೆಗೆ ಸ್ಟೆತೊಸ್ಕೋಪ್ ಇಡುವುದು, ಕಣ್ಣಿಗೆ ಟಾರ್ಚ್ ಬಿಡುವುದು, ನಾಡಿ ಎಣಿಸುವುದು, ಇನ್ನಷ್ಟು ಕೊಡಿ ಅನ್ನುವುದು. ಆ ಶೀಶೆಯ ಮೇಲೆ ಬರೆದದ್ದು ಅಟ್ರೋಪಿನ್.

ಅಟ್ರೋಪಿನ್ ಅಂದರೆ ದತ್ತೂರಿಯ ವಿಷ. ಗಿಡದಲ್ಲಿ ಇರುವುದು ಹಯೋಸಯಮಿನ್, ಜೊತೆಗೆ ಸ್ಕೊಪೊಲಮಿನ್. ಹಯೋಸಯಮಿನ್ ಅನ್ನು ಬೇರ್ಪಡಿಸುವಾಗ ಅದರ ಅಣುವಿನ ರಚನೆಯಲ್ಲಿ ಸಣ್ಣ ಬದಲಾವಣೆಯಾಗಿ ಅಟ್ರೋಪಿನ್ ಆಗುತ್ತದೆ. ಜರ್ಮನಿಯ ಮೈನ್ ಎಂಬ ಔಷಧಗಾರ 1830ರ ದಶಕದ ಆರಂಭದಲ್ಲಿ ಇದನ್ನು ಶುದ್ಧ ರೂಪದಲ್ಲಿ ತೆಗೆದದ್ದು ಇದೇ ಕುಟುಂಬದ ಬೆಲ್ಲಡೊನ್ನ ಗಿಡದಿಂದ. ದ್ರಾಕ್ಷಿಗೆ, ಮೆಣಸಿನ ಬೆಳೆಗೆ, ಹತ್ತಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಗುಂಪಿನ ಎಣ್ಣಿಗಳು ಮೈಯೊಳಗೆ ಹೋದರೆ ಏನು ಮಾಡುತ್ತವೆ ಗೊತ್ತೆ? ನರಗಳು ಗ್ರಂಥಿಗಳಿಗೆ, ಸ್ನಾಯುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಿಂದ ಅಪ್ಪಣೆ ಕೊಡುತ್ತವೆ. ಕೊಟ್ಟ ಕೂಡಲೇ ಅದನ್ನು ಒಡೆದುಹಾಕಲು ಒಂದು ಕಿಣ್ವ ಇರುತ್ತದೆ. ಎಣ್ಣಿ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಪ್ಪಣೆ ನಿಲ್ಲದೆ ಹೋಗುತ್ತಲೇ ಇರುತ್ತದೆ: ಜೊಲ್ಲು, ಕಣ್ಣೀರು, ಬೆವರು, ಎದೆಯಲ್ಲಿ ಕಫ, ಕೊನೆಗೆ ಉಸಿರು ಕಟ್ಟುವುದು. ಅಟ್ರೋಪಿನ್ ಹೋಗಿ ಗ್ರಂಥಿಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಹೊರಗೆ ಅಸಿಟೈಲ್‌ಕೋಲಿನ್ ಎಷ್ಟೇ ಕೂಗಿದರೂ ಒಳಗೆ ಕೇಳಿಸುವುದಿಲ್ಲ. ಜೊಲ್ಲು ನಿಲ್ಲುತ್ತದೆ, ಎದೆ ತಿಳಿಯಾಗುತ್ತದೆ. ಡಾಕ್ಟರು ಎದೆಗೆ ಕಿವಿ ಕೊಟ್ಟು ಕಾಯುತ್ತಿದ್ದದ್ದು ಇದಕ್ಕೇ.

ಬೆಳಗಿನ ಜಾವಕ್ಕೆ ಮಾವನವರ ಎದೆಯ ಸದ್ದು ಅಡಗಿತು. ಪಾಪೆ ಹಿಗ್ಗಿತು, ಬಾಯಿ ಒಣಗಿತು, ನೀರು ನೀರು ಅಂದರು. ಆಮೇಲೆ ಹಾಸಿಗೆಯ ಚಾದರ ಕೀಳುತ್ತ, ಅಲ್ಲಿಲ್ಲದ ಎತ್ತುಗಳನ್ನು ಹೆಸರು ಹಿಡಿದು ಗದರಿಸತೊಡಗಿದರು. ನೀನು ಗಾಬರಿಯಾದೆ. ಡಾಕ್ಟರು ಔಷಧ ತನ್ನ ಕೆಲಸ ಮಾಡಿದೆ, ಇನ್ನು ಕಡಿಮೆ ಮಾಡೋಣ ಅಂದರು. ನನಗೆ ಮಾತ್ರ ಮೈ ಜುಮ್ಮೆಂದಿತು. ವರ್ಷಗಟ್ಟಲೆ ಕ್ಲಾಸಿನಲ್ಲಿ ನಾನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸಿದ ದತ್ತೂರಿ ವಿಷದ ಲಕ್ಷಣ ನಮ್ಮ ಮನೆಯವರ ಹಾಸಿಗೆಯ ಮೇಲೆ ಕಣ್ಣಾರೆ ಕಂಡೆ, ಅದೇ ವಿಷದಿಂದ ಅವರು ಉಳಿದದ್ದನ್ನೂ ಕಂಡೆ. ಮೋಟರ್ ಶೆಡ್ಡಿನ ಪಕ್ಕದ ಗಿಡಕ್ಕೆ ಕಳೆನಾಶಕ ಹೊಡೆಯುವ ಮಾತು ಬಂದಾಗ ನನಗೆ ಸಹಿಸಲಾಗದ್ದು ಇದಕ್ಕೆ.

ಹಾಗಂತ ಎಣ್ಣಿ ಹತ್ತಿದವರಿಗೆ ದತ್ತೂರಿ ಎಲೆಯ ರಸ ಕುಡಿಸುವ ಯೋಚನೆ ಯಾರ ತಲೆಗೂ ಬರಬಾರದು. ಆಸ್ಪತ್ರೆಯ ಶೀಶೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಬರೆದಿರುತ್ತದೆ. ಗಿಡದಲ್ಲಿ ಒಂದು ಎಲೆಗೂ ಇನ್ನೊಂದು ಎಲೆಗೂ, ಒಂದು ತಿಂಗಳಿಗೂ ಇನ್ನೊಂದಕ್ಕೂ ಅಳತೆ ಬೇರೆ. ದಮ್ಮಿಗೆ ಒಣ ಎಲೆಯ ಬೀಡಿ ಸೇದುವುದು ನಮ್ಮ ಹಿರಿಯರಲ್ಲಿತ್ತು. ಅದು 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೂ ಹೋಗಿ ಅಲ್ಲಿ ದಮ್ಮಿನ ಸಿಗರೇಟು ಮಾರಾಟವಾದವು. ಹಿರಿಯರು ಕಂಡುಕೊಂಡದ್ದು ಸುಳ್ಳಲ್ಲ. ಅಪ್ಪಾಜಿ ಈಗ ಬಳಸುವ ಇನ್ಹೇಲರಿನ ಔಷಧ ಅಟ್ರೋಪಿನ್ ಅನ್ನೇ ಮಾರ್ಪಡಿಸಿ ಮಾಡಿದ್ದು. ಇನ್ಹೇಲರು ಇರುವಾಗ ಬೀಡಿ ಯಾಕೆ? ಹುಚ್ಚುನಾಯಿ ಕಡಿತಕ್ಕೆ ಸುಶ್ರುತ ಸಂಹಿತೆಯಲ್ಲೂ ದತ್ತೂರಿಯ ಮಾತು ಬರುತ್ತದೆ. ಈಗ ಯಾರಾದರೂ ಹಾಗೆ ಕೊಟ್ಟರೆ ಕಡಿಸಿಕೊಂಡವರು ರೇಬೀಸ್ ಲಸಿಕೆಯ ಹೊತ್ತು ಕಳೆದುಕೊಂಡು ಸಾಯುತ್ತಾರೆ.

ಅಳತೆ ಹುಡುಕಲು ಜನ ಕೊಟ್ಟ ಬೆಲೆ ದೊಡ್ಡದು. ಜಪಾನಿನ ಹನವೊಕ ಸೇಶು ಎಂಬ ವೈದ್ಯ ದತ್ತೂರ ಮೆಟೆಲ್ ಮುಖ್ಯವಾಗಿರುವ ಮಿಶ್ರಣವೊಂದನ್ನು ವರ್ಷಗಟ್ಟಲೆ ಪರೀಕ್ಷಿಸಿದ. ಹೆಂಡತಿ ತಾನೇ ಮುಂದೆ ಬಂದು ಕುಡಿದಳು, ಅವಳ ಕಣ್ಣು ಹೋಯಿತು. 1804ರಲ್ಲಿ ಅದೇ ಔಷಧದಿಂದ ಒಬ್ಬ ಮುದುಕಿಯನ್ನು ಮಲಗಿಸಿ ಸ್ತನದ ಗಡ್ಡೆ ತೆಗೆದ. ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ. ಇದಕ್ಕಿಂತ ಬಹಳ ಹಿಂದೆ, 1510ರಲ್ಲಿ ಆದಿಲ್‌ಶಾಹಿಗಳ ಕೈತಪ್ಪಿದ ಗೋವೆಯಲ್ಲಿ ಕೂತು ಗಾರ್ಸಿಯಾ ದ ಒರ್ಟಾ ಎಂಬ ಪೋರ್ಚುಗೀಸ್ ವೈದ್ಯ ನಮ್ಮ ಕಡೆಯ ಗಿಡಮೂಲಿಕೆಗಳ ಪುಸ್ತಕ ಬರೆದ, 1563ರಲ್ಲಿ ಅಚ್ಚಾಯಿತು. ಕಳ್ಳರು ಊಟದಲ್ಲಿ ದತ್ತೂರಿ ಬೆರೆಸಿ ಮನೆ ದೋಚುವುದು ಅದರಲ್ಲಿದೆ. ದಾರಿಹೋಕರಿಗೆ ಹೀಗೆ ವಿಷ ಹಾಕುವವರ ಕಾಟ ಬ್ರಿಟಿಷರ ಕಾಲಕ್ಕೂ ನಿಂತಿರಲಿಲ್ಲ. ಅಪರಿಚಿತರು ಕೊಟ್ಟ ಪ್ರಸಾದ ತಿನ್ನಬೇಡಿ ಅಂತ ಅವ್ವ ಬಸ್ಸು ಹತ್ತಿಸುವಾಗ ಹೇಳುತ್ತಿದ್ದಳಲ್ಲ, ಆ ಮಾತಿನ ಹಿಂದೆ ಇಷ್ಟು ಹಳೆಯ ಅನುಭವ ಇದೆ.

ಅತ್ತಿಯವರಿಗೆ ಒಂದು ಸುದ್ದಿ ಹೇಳು, ಖುಷಿಯಾಗುತ್ತಾರೆ. ದತ್ತೂರಿಯ ಕಾಡು ಬಂಧುಗಳೆಲ್ಲ ಅಮೆರಿಕ ಖಂಡದವು, ಹಾಗಾಗಿ ಕೊಲಂಬಸ್ ಆದ ಮೇಲೆ ಇದು ಇಲ್ಲಿಗೆ ಬಂತು ಅಂತ ಬಹಳ ಜನ ವಿಜ್ಞಾನಿಗಳು ನಂಬಿದ್ದರು. ಆರ್. ಗೀತಾ ಮತ್ತು ವಲೀದ್ ಘರೈಬೆ 2007ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಹಳೆಯ ಸಂಸ್ಕೃತ ಗ್ರಂಥಗಳನ್ನೂ ಶಿವನ ಮೂರ್ತಿಗಳಲ್ಲಿ ಕೆತ್ತಿದ ಹೂವನ್ನೂ ಮುಂದಿಟ್ಟು, ಅದಕ್ಕೂ ಎಷ್ಟೋ ಶತಮಾನ ಮೊದಲೇ ದತ್ತೂರಿ ಭಾರತದಲ್ಲಿತ್ತು ಎಂದು ವಾದಿಸಿದರು. ಶಿವರಾತ್ರಿಗೆ ಸಿದ್ಧೇಶ್ವರ ಗುಡಿಗೆ, ಶಿವಗಿರಿಗೆ ಹೂವು ಕಾಯಿ ತರುವ ಹೆಂಗಸರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಇನ್ನು ಸಾಕುವ ಬಗೆ. ಈಗಿರುವ ಒಂದು ಗಿಡ ಸಾಕು. ಅದಕ್ಕೆ ನೀರು ಗೊಬ್ಬರದ ಉಪಚಾರ ಬೇಕಿಲ್ಲ, ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎರೆಮಣ್ಣಿಗೆ ನಾಲ್ಕು ಬುಟ್ಟಿ ಗರಸು ಬೆರೆಸಿದರೆ ಸರಿ. ಅವ್ವನ ನೇರಳೆ ಜಾತಿಯನ್ನು ಬೆಳೆಸುವ ಮನಸ್ಸಿದ್ದರೆ ಬೀಜವನ್ನು ಒಂದು ದಿನ ನೀರಲ್ಲಿ ನೆನೆಸಿ ಮುಂಗಾರಿನಲ್ಲಿ ಹಾಕು, ಮೊಳಕೆ ಬರಲು ವಾರಗಳೇ ಹಿಡಿಯುತ್ತವೆ. ಮೆಣಸಿನ ಗಿಡ, ಟೊಮೆಟೊ, ಬದನೆ ಹಾಕಿದ ಮಡಿಯ ಹತ್ತಿರ ಮಾತ್ರ ಬೇಡ. ಎಲೆ ಮುರುಟುವ ರೋಗದ ವೈರಸ್ಸು ದತ್ತೂರಿಯಲ್ಲಿ ಮನೆ ಮಾಡಿಕೊಂಡು ಬಿಳಿನೊಣದ ಮೂಲಕ ಅತ್ತ ದಾಟುತ್ತದೆ, ಬದನೆ ಎಲೆ ಕೆರೆದು ತಿನ್ನುವ ಚುಕ್ಕಿ ಹುಳವೂ ಇದರಲ್ಲಿ ಬದುಕುತ್ತದೆ. ಕಸಿ ಮಾಡುವ ಹುಚ್ಚು ನಿಮ್ಮ ಯಜಮಾನರಿಗಿದೆ, ಅದಕ್ಕೆ ಇದನ್ನೂ ಹೇಳಬೇಕು. ದತ್ತೂರಿಯ ವಿಷ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಮೇಲೇರುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ದತ್ತೂರಿ ಬುಡಕ್ಕೆ ಟೊಮೆಟೊ ಕಸಿ ಕಟ್ಟಿ, ಆ ಹಣ್ಣು ತಿಂದ ಮನೆಯವರು ಆಸ್ಪತ್ರೆ ಸೇರಿದರು. ನೋಡಲು ಒಳ್ಳೆಯ ಟೊಮೆಟೊವೇ. ಗಟ್ಟಿ ಬೇರು ಅಂತ ಆಸೆ ಬೀಳಬಾರದು.

ಕಾಯಿ ಹಸಿರಿರುವಾಗಲೇ ಕೈಚೀಲ ಹಾಕಿಕೊಂಡು ಕತ್ತರಿಸಿ, ಶಿವರಾತ್ರಿಗೆ ಬೇಕಾದ ಒಂದೆರಡು ಮಾತ್ರ ಬಿಡು. ಕತ್ತರಿಸಿದ್ದನ್ನು ತಗ್ಗು ತೋಡಿ ಆಳದಲ್ಲಿ ಮುಚ್ಚು, ಸುಡಬೇಡ, ಹೊಗೆಯೂ ಒಳ್ಳೆಯದಲ್ಲ. ದೇವರಿಗೆ ಏರಿಸಿದ ಕಾಯನ್ನು ಜಗುಲಿಯ ಮೇಲೆ ಒಣಗಲು ಬಿಡಬೇಡ, ಅಂದೇ ಸಂಜೆ ತೆಗೆದು ಅದೇ ತಗ್ಗಿಗೆ ಹಾಕು.

ಕೊನೆಗೆ ಒಂದು ಮಾತು, ಇದನ್ನು ನಿಮ್ಮ ಯಜಮಾನರೇ ಓದಲಿ. ಪುಟ್ಟಿ ದತ್ತೂರಿ ಕಾಯಿ ತಂದ ದಿನ ಎಲ್ಲರೂ ಗಿಡದ ಕಡೆ ಓಡಿದಿರಿ. ಅದೇ ಮೋಟರ್ ಶೆಡ್ಡಿನೊಳಗೆ, ಪುಟ್ಟಿಯ ಕೈಗೆಟುಕುವ ಎತ್ತರದಲ್ಲಿ, ಬಿಸ್ಲೇರಿ ಬಾಟಲಿಗೆ ಸುರಿದಿಟ್ಟ ಎಣ್ಣಿ ಇದೆ. ಹೋದ ಸಲ ಬಂದಾಗ ನಾನೇ ನೋಡಿದ್ದೇನೆ. ದತ್ತೂರಿಗೆ ಮುಳ್ಳಿದೆ, ಕೆಟ್ಟ ವಾಸನೆ ಇದೆ, ಕಹಿ ಇದೆ; ಆ ಬಾಟಲಿಯ ಮೇಲೆ ಕುಡಿಯುವ ನೀರಿನ ಚೀಟಿ ಇದೆ. ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಬಂತೆಂದರೆ ಮತ್ತೆ ಎಣ್ಣಿ ಹೊಡೆಯುವ ಬ್ಲೋವರ್ ಶುರುವಾಗುತ್ತದೆ. ಅದಕ್ಕೆ ಮುಂಚೆ ಒಂದು ಕಬ್ಬಿಣದ ಪೆಟ್ಟಿಗೆ ತಂದು, ಎಣ್ಣಿಯೆಲ್ಲ ಅದರ ಅಂಗಡಿ ಡಬ್ಬಿಯಲ್ಲೇ ಇಟ್ಟು ಕೀಲಿ ಹಾಕಿ. ಕೀಲಿ ನಿನ್ನ ಹತ್ತಿರ ಇರಲಿ. ಹಾಕಿದ ಮೇಲೆ ನನಗೆ ಫೋನ್ ಮಾಡು.

ಅತ್ತಿಯವರಿಗೆ ಶರಣು, ಪುಟ್ಟಿಗೆ ದೊಡ್ಡವ್ವನ ಮುತ್ತು.

ನಿನ್ನ ಅಕ್ಕ